ಕೆಜಿಎಫ್‌ನಲ್ಲಿ ಭಾನುವಾರದ ಫುಟ್ಬಾಲ್ ನೋಡಲು ಹೋಗುವವರಿಗೆ

ನಮ್ಮ ಕೋಲಾರ ಜಿಲ್ಲೆಯಲ್ಲಿ ಫುಟ್ಬಾಲ್ ಹುಚ್ಚಿನವರಿಗೆ ಕಡಿಮೆಯಿಲ್ಲ. ನಡುರಾತ್ರಿವರೆಗೂ ಎದ್ದಿದ್ದು ಯೂರೋಪಿನ ಪಂದ್ಯ ನೋಡುತ್ತಾರೆ. ಅವರಲ್ಲಿ ಎಷ್ಟೋ ಜನ ಪಕ್ಕದಲ್ಲೇ ಇರುವ ಕೆಜಿಎಫ್ ಮೈದಾನಕ್ಕೆ ಒಂದು ಸಲವೂ ಕಾಲಿಟ್ಟಿಲ್ಲ. ನನಗೆ ಇದು ನಿಜವಾಗಲೂ ಬೇಜಾರಿನ ವಿಷಯ. ನಾನು ಬಂಗಾರಪೇಟೆಯವಳು. ಅಪ್ಪ ಚಿನ್ನದ ಗಣಿಯಲ್ಲಿ ಸುರಂಗಕ್ಕೆ ಮರದ ಆಸರೆ ಕೊಡುವ ಟಿಂಬರ್‌ಮನ್ ಆಗಿದ್ದರು. ಚಿಕ್ಕಂದಿನಿಂದ ಅವರ ಜೊತೆ ಆಟ ನೋಡುತ್ತಾ ಬೆಳೆದೆ. ಹೊಸದಾಗಿ ಹೋಗುವವರಿಗೆ ಸುಲಭವಾಗಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ಮೊದಲು ಪಂದ್ಯ ಯಾವಾಗ ಅಂತ ತಿಳಿಯಬೇಕು. ಇಲ್ಲಿ ಟೂರ್ನಿಗಳು ಹಬ್ಬಕ್ಕೆ, ಜಯಂತಿಗೆ, ತೀರಿಕೊಂಡ ಆಟಗಾರರ ನೆನಪಿಗೆ ನಡೆಯುತ್ತವೆ. ಸುದ್ದಿ ಸಿಗುವುದು ಫ್ಲೆಕ್ಸ್ ಬೋರ್ಡಿನಲ್ಲಿ, ಇಲ್ಲವೇ ಹುಡುಗರ ವಾಟ್ಸಾಪ್ ಸ್ಟೇಟಸ್‌ನಲ್ಲಿ. ಎರಡೂ ಕಾಣದಿದ್ದರೆ ರಾಬರ್ಟ್‌ಸನ್‌ಪೇಟೆಯಲ್ಲಿ ಬೂಟು, ಚೆಂಡು ಮಾರುವ ಅಂಗಡಿಯಲ್ಲಿ ಕೇಳಿ. ಗೆದ್ದವರಿಗೆ ಕೊಡುವ ಕಪ್, ಮೆಡಲ್ ಅಲ್ಲಿಂದಲೇ ಹೋಗುವುದರಿಂದ ಅವರಿಗೆ ಎಲ್ಲ ಗೊತ್ತಿರುತ್ತದೆ. ಒಳ್ಳೆಯ ಪಂದ್ಯ ಬೇಕಾದರೆ ಭಾನುವಾರವೇ ಹೋಗಿ. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಆಮೇಲೆ ಊರಿನ ದುಡಿಯುವ ಜನ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಹೋಗಿ ರಾತ್ರಿ ವಾಪಸ್ ಬರುವಂತಾಯಿತು. ವಾರದ ದಿನ ಟೀಮಿಗೆ ಹನ್ನೊಂದು ಜನ ಸೇರುವುದೇ ಕಷ್ಟ.

ಬರುವುದಕ್ಕೆ ರೈಲೇ ಚೆಂದ. ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ಲೈನಿನಲ್ಲಿ ಕೋರಮಂಡಲ್, ಬೆಮೆಲ್ ನಗರ, ಊರ್ಗಾಂ, ಚಾಂಪಿಯನ್ ನಿಲ್ದಾಣಗಳಿವೆ. ಯಾವುದರಲ್ಲಿ ಇಳಿಯಬೇಕು ಅನ್ನುವುದು ಪಂದ್ಯ ಎಲ್ಲಿದೆ ಅನ್ನುವುದರ ಮೇಲೆ. ಕೇಳಿಕೊಂಡೇ ಹತ್ತಿ. ಭಾನುವಾರದ ರೈಲಿನ ಸಮಯ ಬೇರೆ ಇರುತ್ತದೆ, ವಾಪಸ್ ರೈಲನ್ನು ಮೊದಲೇ ನೋಡಿಟ್ಟುಕೊಳ್ಳಿ. ಕುಡಿಯುವ ನೀರು ಮನೆಯಿಂದಲೇ ತನ್ನಿ. ಮೈದಾನದಲ್ಲಿ ಶೌಚಾಲಯ ಇರುತ್ತದೆ ಅಂತ ನಂಬಿಕೊಳ್ಳಬೇಡಿ. ಹೆಣ್ಣುಮಕ್ಕಳು ಬರುವ ದಾರಿಯಲ್ಲೇ ಹೋಟೆಲಿನಲ್ಲೋ ಸ್ಟೇಷನ್ನಿನಲ್ಲೋ ಮುಗಿಸಿಕೊಂಡು ಬರುವುದು ವಾಸಿ.

ಆಷಾಢದಲ್ಲಿ ಬರುವುದಾದರೆ ಮೂಗಿಗೆ ಕರ್ಚೀಫು ಬೇಕೇ ಬೇಕು. ಗಣಿಯಿಂದ ತೆಗೆದ ಅದಿರನ್ನು ಪುಡಿ ಮಾಡಿ, ಚಿನ್ನ ತೆಗೆದು, ಉಳಿದಿದ್ದನ್ನು ಸುರಿದ ಸೈನೈಡ್ ಗುಡ್ಡಗಳು ಊರಿನ ಸುತ್ತ ಇವೆಯಲ್ಲ, ಗಾಳಿ ಎದ್ದರೆ ಆ ಬಿಳಿ ಧೂಳು ಊರ ಮೇಲೇ ಬರುತ್ತದೆ. ಮಕ್ಕಳನ್ನು ಕರೆತರುವವರು ಜೋರು ಗಾಳಿಯ ದಿನ ಬಿಟ್ಟು ಬೇರೆ ದಿನ ಬನ್ನಿ.

ಆ ಗಾಳಿ ಆಟವನ್ನೂ ಬದಲಾಯಿಸುತ್ತದೆ. ಟಾಸ್ ಗೆದ್ದ ಕ್ಯಾಪ್ಟನ್ ಏನು ಕೇಳುತ್ತಾನೆ ನೋಡಿ. ಮೊದಲು ಚೆಂಡು ಒದೆಯುವ ಅವಕಾಶವನ್ನೂ ಕೇಳಬಹುದು, ಯಾವ ಗೋಲಿನತ್ತ ಆಡಬೇಕು ಅನ್ನುವುದನ್ನೂ ಆರಿಸಬಹುದು. ಇಲ್ಲಿನ ಹಳಬರು ಗೋಲನ್ನೇ ಆರಿಸುತ್ತಾರೆ. ಎರಡನೇ ಅರ್ಧದಲ್ಲಿ ಎದುರಾಳಿಗೆ ಸುಸ್ತಾದಾಗ ಗಾಳಿ ತಮ್ಮ ಬೆನ್ನಿಗಿರಲಿ ಅಂತ. ಗಾಳಿಗೆ ಎದುರಾಗಿ ಆಡುವ ಟೀಮು ಚೆಂಡನ್ನು ನೆಲದ ಮೇಲೇ ಇಟ್ಟುಕೊಳ್ಳಬೇಕು. ಎತ್ತಿ ಹೊಡೆದರೆ ಅರ್ಧ ದಾರಿಯಲ್ಲೇ ನಿಂತು ವಾಪಸ್ ಬೀಳುತ್ತದೆ.

ಈಗ ಎಲ್ಲಿ ನಿಲ್ಲಬೇಕು ಅನ್ನುವುದು. ನನ್ನ ಪ್ರಕಾರ ಇದೇ ಮುಖ್ಯ. ಹೊಸಬರು ಸೀದಾ ನಡುಗೆರೆ ಹತ್ತಿರ, ಜನ ಜಾಸ್ತಿ ಇರುವ ಕಡೆ ಹೋಗಿ ನಿಲ್ಲುತ್ತಾರೆ. ನೀವು ಗೋಲಿನ ಪಕ್ಕಕ್ಕೆ ಹೋಗಿ. ಕಾರ್ನರ್ ಬಾವುಟಕ್ಕೂ ಗೋಲ್ ಕಂಬಕ್ಕೂ ನಡುವೆ, ಗೆರೆಯಿಂದ ಎರಡು ಮೂರು ಹೆಜ್ಜೆ ಹಿಂದೆ. ಸಂಜೆ ಬಿಸಿಲು ಬೆನ್ನಿಗೆ ಬೀಳುವ ಕಡೆ ಆರಿಸಿಕೊಳ್ಳಿ. ಟಿವಿಯಲ್ಲಿ ಆಟ ಕಾಣುತ್ತದೆ, ಆದರೆ ಕೇಳಿಸುವುದಿಲ್ಲ. ಇಲ್ಲಿ ಕೇಳಿಸುತ್ತದೆ. ಗೋಲಿ, ಅಂದರೆ ಗೋಲ್ ಕಾಯುವವನು, ಒಂದು ಕ್ಷಣವೂ ಬಾಯಿ ಮುಚ್ಚುವುದಿಲ್ಲ. ಯಾರು ಯಾರನ್ನು ಹಿಡಿಯಬೇಕು, ಯಾರು ಮುಂದೆ ಹೋಗಬೇಕು, ಎಲ್ಲ ಅವನೇ ಕೂಗಿ ಹೇಳುತ್ತಿರುತ್ತಾನೆ. ‘ವಿಡು ವಿಡು’ (ಬಿಡು ಬಿಡು), ‘ಅಡಿಡಾ’ (ಹೊಡಿಯೋ), ‘ಹಿಂದೆ ನೋಡೋ’, ‘ಮ್ಯಾನ್ ಆನ್’ (ಎದುರಾಳಿ ಮೈಮೇಲೆ ಬರ್ತಿದ್ದಾನೆ). ತಮಿಳು, ಕನ್ನಡ, ತೆಲುಗು ಎಲ್ಲ ಒಂದೇ ಉಸಿರಿನಲ್ಲಿ. ಐದು ನಿಮಿಷ ಕಿವಿಗೊಟ್ಟರೆ ಯಾವ ಟೀಮು ಜೊತೆಯಾಗಿ ಅಭ್ಯಾಸ ಮಾಡಿದೆ, ಯಾವುದು ಬೆಳಿಗ್ಗೆ ಫೋನ್ ಮಾಡಿ ಕೂಡಿಸಿದ್ದು ಅಂತ ಗೊತ್ತಾಗಿಬಿಡುತ್ತದೆ. ಒಬ್ಬರನ್ನೊಬ್ಬರು ಹೆಸರು ಹಿಡಿದು ಕೂಗುವ ಟೀಮು ಒಂದು, ‘ಏಯ್, ಏಯ್’ ಅನ್ನುವ ಟೀಮು ಇನ್ನೊಂದು.

ಗೋಲಿಯ ಕಾಲನ್ನೂ ನೋಡಿ. ಕೆಂಪು ಮಣ್ಣಿನ ಮೈದಾನದಲ್ಲಿ ಸುಣ್ಣದ ಗೆರೆ ಅರ್ಧ ಗಂಟೆಯಲ್ಲಿ ಅಳಿಸಿಹೋಗುತ್ತದೆ. ಗೋಲಿನ ಅಗಲ 7.32 ಮೀಟರ್. ಮುಂದೆ ಬಂದು ನಿಂತವನಿಗೆ ಹಿಂದಿನ ಕಂಬಗಳು ಕಾಣುವುದಿಲ್ಲ. ಅದಕ್ಕೆ ಅವನು ಆಟ ಶುರುವಾಗುವ ಮೊದಲೇ ಎರಡು ಕಂಬಗಳ ನಡುಮಧ್ಯದಿಂದ ಹಿಮ್ಮಡಿಯಲ್ಲಿ ಮುಂದಕ್ಕೆ ಒಂದು ಗೀರು ಎಳೆದುಕೊಳ್ಳುತ್ತಾನೆ. ಕಾರ್ನರ್ ಬಂದಾಗ ಕಣ್ಣು ಚೆಂಡಿನ ಮೇಲೆ, ಬೂಟಿನ ತುದಿ ಆ ಗೀರಿನ ಮೇಲೆ. ಗೀರು ಅಳಿಸಿದರೆ ಆಟ ನಿಂತ ಕೂಡಲೇ ಮತ್ತೆ ಎಳೆಯುತ್ತಾನೆ. ಎಷ್ಟು ಸಲ ನೋಡಿದರೂ ನನಗೆ ಇದು ಸಾಕಾಗಿಲ್ಲ.

ನಿಯಮಗಳಲ್ಲಿ ಊರಿನ ಪಂದ್ಯ ಸ್ವಲ್ಪ ಬೇರೆ. ತೊಂಬತ್ತು ನಿಮಿಷ ಅಂತ ಕಾಯಬೇಡಿ. ಒಂದೇ ದಿನ ಮೂರು ನಾಲ್ಕು ಪಂದ್ಯ ಇದ್ದರೆ ಅರ್ಧಕ್ಕೆ ಇಪ್ಪತ್ತೈದು ಅಥವಾ ಮೂವತ್ತು ನಿಮಿಷ ಇಡುತ್ತಾರೆ. ಸಮ ಆದರೆ ಹೆಚ್ಚುವರಿ ಸಮಯ ಇಲ್ಲದೆ ಸೀದಾ ಟೈಬ್ರೇಕರ್, ಅಂದರೆ ಪೆನಾಲ್ಟಿ ಒದೆತ. ಏಳು ಜನರ ಆಟವಾದರೆ ಆಫ್‌ಸೈಡ್ ಇದೆಯಾ ಇಲ್ಲವಾ ಅಂತ ಮೊದಲೇ ಕೇಳಿಬಿಡಿ, ಇಲ್ಲದಿದ್ದರೆ ಪೂರ್ತಿ ಆಟ ಗೊಂದಲವೇ. ಸ್ಕೋರ್ ಬೋರ್ಡ್ ಸಾಮಾನ್ಯವಾಗಿ ಇರುವುದಿಲ್ಲ. ಗೋಲಿನ ಹಿಂದೆ ಚೆಂಡು ಹೆಕ್ಕುವ ಹುಡುಗರನ್ನು ಕೇಳಿ. ಗೋಲು ಯಾರು ಹೊಡೆದರು, ಯಾರಿಗೆ ಹಳದಿ ಕಾರ್ಡು ಬಿತ್ತು, ಎಲ್ಲ ಅವರ ಬಾಯಲ್ಲೇ ಇರುತ್ತದೆ.

ಪಕ್ಕದಲ್ಲಿ ವಯಸ್ಸಾದವರು ನಿಂತಿದ್ದರೆ ಮಾತಾಡಿಸಿ. ‘ತಾತಾ, ನೀವೂ ಆಡ್ತಿದ್ರಾ?’ ಅಂದರೆ ಸಾಕು. ಗಣಿ ನಡೆಸಲು ಬಂದ ಬ್ರಿಟಿಷರ ಜೊತೆ ಈ ಊರಿಗೆ ಫುಟ್ಬಾಲ್ ಬಂತು. ಜಾನ್ ಟೇಲರ್ ಕಂಪನಿ ಇಲ್ಲಿ ಕೆಲಸ ಶುರು ಮಾಡಿದ್ದು 1880ರಲ್ಲಿ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಜಾಸ್ತಿ ಆಳಕ್ಕೆ ಹೋಗಿತ್ತು. ಆ ಆಳದ ಬಿಸಿಯಿಂದ ಮೇಲೆ ಬಂದವರು ಮುಖ ತೊಳೆದು ನೇರ ಬಯಲಿಗೆ ಬರುತ್ತಿದ್ದರು ಅಂತ ಅಪ್ಪ ಹೇಳುತ್ತಾರೆ. 2023ರ ಮಾರ್ಚಿನಲ್ಲಿ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಲ್ಲಿ ಸೋಲಿಸಿ ರಾಜ್ಯ ತಂಡಗಳ ನಡುವಿನ ಸಂತೋಷ್ ಟ್ರೋಫಿ ಗೆದ್ದಿತಲ್ಲ, ಅದಕ್ಕೆ ಮೊದಲು ನಾವು ಗೆದ್ದಿದ್ದು 1968-69ರಲ್ಲಿ, ಮೈಸೂರು ಅನ್ನುವ ಹೆಸರಿನಲ್ಲಿ. ಆ ಕಾಲದ ಆಟದ ಬಗ್ಗೆ ಮಾತಾಡುವವರು ಈ ಗೆರೆ ಪಕ್ಕದಲ್ಲಿ ಸಿಗುತ್ತಾರೆ. ಅವರು ಇರುವಾಗಲೇ ಕೇಳಿಸಿಕೊಳ್ಳಬೇಕು ಅಲ್ವಾ?

ಕೆಲವು ಕಡೆ ಕಟ್ಟುನಿಟ್ಟಾಗಿರಿ. ಬೈಕನ್ನು ಗೋಲಿನ ಹಿಂದೆ ನಿಲ್ಲಿಸಬೇಡಿ. ಚೆಂಡು ನಿಮ್ಮ ಹತ್ತಿರ ಬಂದರೆ ಒದೆಯದೆ ಕೈಯಲ್ಲಿ ಎತ್ತಿ ಕೊಡಿ, ಥ್ರೋ ಹಾಕುವವನ ಸಮಯ ಉಳಿಯುತ್ತದೆ. ಪೆನಾಲ್ಟಿ ಹೊಡೆಯುವಾಗ ಗೋಲಿನ ಹಿಂದೆ ಓಡಾಡಬೇಡಿ. ರೆಫ್ರಿಗೆ ಬೈಯಬೇಡಿ. ಬಿಸಿಲಿನಲ್ಲಿ ಒಬ್ಬರೇ ಓಡುತ್ತಾ ಪಂದ್ಯದ ಮೇಲೆ ಪಂದ್ಯ ನಡೆಸುವ ಜನ ಅವರು.

ಹಾಫ್ ಟೈಮಿನಲ್ಲಿ ಟವೆಲ್ಲೋ ಡಬ್ಬಿಯೋ ಹಿಡಿದು ಕಮಿಟಿಯವರು ಬರುತ್ತಾರೆ. ಟಿಕೆಟ್ ಇಲ್ಲದ ಆಟ ನಡೆಯುವುದು ಆ ದುಡ್ಡಿನಿಂದ. ಚೆಂಡು, ಸುಣ್ಣ, ರೆಫ್ರಿಯ ಭತ್ಯೆ, ಆಟಗಾರರ ಬಾಳೆಹಣ್ಣು, ಗ್ಲೂಕೋಸ್ ಎಲ್ಲ ಅದರಲ್ಲೇ ಆಗಬೇಕು. ಸಿನಿಮಾ ಟಿಕೆಟಿಗೆ ಕೊಡುವಷ್ಟನ್ನು ಇಲ್ಲಿ ಹಾಕಿ.

ತಿನ್ನಲು ಕಡಲೆಕಾಯಿ, ಚುರುಮುರಿ, ಟೀ ಸಿಗುತ್ತದೆ. ಹೊಟ್ಟೆಯಲ್ಲಿ ಸ್ವಲ್ಪ ಜಾಗ ಉಳಿಸಿಕೊಳ್ಳಿ. ವಾಪಸ್ ಹೋಗುವಾಗ ಬಂಗಾರಪೇಟೆಯಲ್ಲಿ ಇಳಿದು ನಮ್ಮೂರಿನ ಪಾನಿಪುರಿ ತಿನ್ನದೆ ಹೋಗಬಾರದು. ಪಾನಿ ನೀರಿನ ಹಾಗೆ ತಿಳಿಯಾಗಿರುತ್ತದೆ, ಖಾರ ಮಾತ್ರ ಕಿವಿಗೆ ಹತ್ತುತ್ತದೆ.

ಹೊರಡುವ ಮೊದಲು ಕಮಿಟಿಯ ಟೇಬಲ್ ಹತ್ತಿರ ಹೋಗಿ. ಮುಂದಿನ ಪಂದ್ಯಗಳ ಪಟ್ಟಿಯನ್ನು ಪೆನ್ನಿನಲ್ಲಿ ಬರೆದು ಅಂಟಿಸಿರುತ್ತಾರೆ. ಅದರ ಫೋಟೋ ತೆಗೆದುಕೊಂಡು, ಸಮಯ ಬದಲಾದರೆ ತಿಳಿಸುವಂತೆ ಅಲ್ಲಿರುವ ಅಣ್ಣನಿಗೆ ನಿಮ್ಮ ನಂಬರ್ ಕೊಟ್ಟು ಬನ್ನಿ.