ನೆಲಮಾಳಿಗೆಯ ಗೋಡೆ ಕೊರೆದು ಕಿಟಕಿ ದೊಡ್ಡದು ಮಾಡಿದ ಅನುಭವ

ಪುಣೆಯ ಪಾಷಾಣ್ ಕಡೆ ಇಳಿಜಾರಿನ ಮೇಲೆ ಕಟ್ಟಿದ ಬಂಗಲೆ. ಮನೆಯವರು ನಮ್ಮ ವಿಜಯಪುರದ ಕಡೆಯವರೇ. ಅಜ್ಜಿಗೆ ಮೊಣಕಾಲು ನೋವು, ಮೆಟ್ಟಿಲು ಆಗುವುದಿಲ್ಲ. ನೆಲಮಾಳಿಗೆಯ ಒಂದು ಕಡೆ ತೋಟದ ಮಟ್ಟಕ್ಕೇ ಇದೆ. ಅಲ್ಲಿ ಬಾಗಿಲು ತೆಗೆದರೆ ಅವರು ನೇರ ಹೊರಗೆ ಬರಬಹುದು. ಎದುರು ಗೋಡೆ ಗುಡ್ಡದ ಮಣ್ಣಿನೊಳಗೆ. ಅಲ್ಲಿದ್ದ ಒಂದೂವರೆ ಅಡಿಯ ವೆಂಟಿಲೇಟರನ್ನು ನಾಲ್ಕಡಿಗೆ ನಾಲ್ಕಡಿ ಕಿಟಕಿ ಮಾಡಬೇಕು. ಎರಡೂ ಎಂಟು ಇಂಚಿನ ಆರ್‌ಸಿಸಿ ಗೋಡೆ, ಅಂದರೆ ಒಳಗೆ ಕಬ್ಬಿಣದ ಸರಳು ಇಟ್ಟು ಎರೆದ ಕಾಂಕ್ರೀಟ್.

“ಎರಡು ದಿನದ ಕೆಲಸ ಅಲ್ಲೇನ್ರಿ?” ಅಂತ ಮನೆಯ ಯಜಮಾನರು ಕೇಳಿದರು. ಕೊರೆಯುವುದು ಎರಡೇ ದಿನ, ನಿಜ. ಅದರ ಮುಂಚಿನ ಕೆಲಸಕ್ಕೇ ಮೂರು ವಾರ ಬೇಕಾಯಿತು.

ಬಾಗಿಲಿನ ಕಡೆ ಚಿಂತೆ ಕಡಿಮೆ. ಮಣ್ಣಿನ ಕಡೆಯ ಗೋಡೆ ಹಾಗಲ್ಲ. ಅದು ಮೇಲಿನ ಭಾರ ಹೊರುವುದಲ್ಲದೆ, ಪಕ್ಕದಿಂದ ನೂಕುವ ಮಣ್ಣನ್ನೂ ತಡೆಯುತ್ತದೆ. ಮಳೆಗಾಲದಲ್ಲಿ ನೀರು ನಿಂತರೆ ನೂಕುವುದು ಇನ್ನೂ ಜಾಸ್ತಿ. ಕಾಲು ರಾಫ್ಟಿನಲ್ಲಿ (ಮನೆಯ ತಳದ ಕಾಂಕ್ರೀಟ್ ಹಾಸು), ತಲೆ ಮೇಲಿನ ಸ್ಲ್ಯಾಬಿನಲ್ಲಿ ಹಿಡಿದ ಹಲಗೆಯ ಹಾಗೆ ಆ ಗೋಡೆ ಕೋಣೆಯ ಕಡೆಗೆ ಬಾಗಲು ನೋಡುತ್ತದೆ. ಬಾಗದಂತೆ ಹಿಡಿಯುವುದು ಮುಖ್ಯವಾಗಿ ಒಳಮುಖದಲ್ಲಿ ನೆಟ್ಟಗೆ ನಿಂತ ಸರಳುಗಳು. ಗೋಡೆಯೊಳಗಿನ ಸರಳು ತೋರಿಸುವ ಸ್ಕ್ಯಾನರ್ ಹಿಡಿದು ನೋಡಿದರೆ ಆರು ಇಂಚಿಗೊಂದು ಇದ್ದವು. ನಾಲ್ಕಡಿ ತೆಗೆದರೆ ಎಂಟು ಸರಳು ಹೋದ ಹಾಗೆ. ಅವುಗಳ ಪಾಲು ಅಕ್ಕಪಕ್ಕದ ಗೋಡೆಗೆ ಬೀಳುತ್ತದೆ. ಹಾಗಾಗಿ ಸ್ಟ್ರಕ್ಚರಲ್ ಇಂಜಿನಿಯರ್ ಲೆಕ್ಕ ಹಾಕಿ ಡ್ರಾಯಿಂಗ್ ಕೊಡುವವರೆಗೆ ನಾನು ಗೋಡೆಗೆ ಒಂದು ಗೆರೆಯನ್ನೂ ಎಳೆಯಲಿಲ್ಲ. ಸುಮ್ನೆ ಅಂದಾಜಿನ ಮೇಲೆ ಈ ಕೆಲಸ ಯಾರೂ ಮಾಡಬೇಡಿ.

ಮೊದಲು ಹೊರಗಿನ ಮಣ್ಣು ತೆಗೆದೆವು. ಮೇಲೆ ಎರೆಮಣ್ಣು, ಕೆಳಗೆ ಮುರುಮು, ಅಂದರೆ ಕಲ್ಲುಚೂರಿನ ಗಟ್ಟಿ ಮಣ್ಣು. ಕಿಟಕಿಯ ಕೆಳಅಂಚಿಗಿಂತ ಒಂದಡಿ ಆಳಕ್ಕೆ, ಬದಿ ಕುಸಿಯದ ಹಾಗೆ ಮೆಟ್ಟಿಲು ಮೆಟ್ಟಿಲಾಗಿ ಅಗೆದೆವು. ಒಳಗೆ ಸ್ಲ್ಯಾಬಿಗೆ ಆಸರೆಯಾಗಿ ಜಾಕ್ ಕೊಟ್ಟೆವು. ಕಿಟಕಿ ಬರುವ ಜಾಗದ ಎರಡೂ ಪಕ್ಕಕ್ಕೆ ನೆಲದಿಂದ ಸ್ಲ್ಯಾಬಿನವರೆಗೆ ಆರು ಇಂಚಿನ ಉಕ್ಕಿನ ಚಾನೆಲ್ ನಿಲ್ಲಿಸಿ, ಕೆಮಿಕಲ್ ಆಂಕರ್ (ತೂತಿನಲ್ಲಿ ಅಂಟು ತುಂಬಿ ಕೂರಿಸುವ ಬೋಲ್ಟು) ಹಾಕಿ ಗೋಡೆಗೆ ಬಿಗಿದೆವು. ಇದೆಲ್ಲ ಆದ ಮೇಲೇ ಬ್ಲೇಡ್.

ನಮ್ಮ ಹದಿನಾಲ್ಕು ಇಂಚಿನ ಡೈಮಂಡ್ ಬ್ಲೇಡ್ ಸುಮಾರು ಐದು ಇಂಚು ಇಳಿಯುತ್ತದೆ. ಎಂಟು ಇಂಚಿನ ಗೋಡೆಗೆ ಎರಡೂ ಕಡೆಯಿಂದ ಕೊರೆಯಲೇಬೇಕು. ಗೆರೆ ಕೂಡಬೇಕಲ್ವಾ? ಅದಕ್ಕೆ ನಾಲ್ಕು ಮೂಲೆಗೂ ಮೊದಲು ಆರಪಾರ ತೂತು ಹೊಡೆದು, ಹೊರಗೆ ಅದನ್ನೇ ಹಿಡಿದು ಗುರುತು ಹಾಕಿದೆ.

ಮೂಲೆಯ ಬಗ್ಗೆ ಒಂದು ಮಾತು. ದುಂಡು ಬ್ಲೇಡ್ ಮೂಲೆಯನ್ನು ಪೂರ್ತಿ ಕತ್ತರಿಸಬೇಕಾದರೆ ಗೆರೆ ದಾಟಿ ಹೋಗಬೇಕು. ಹಿಂದೊಮ್ಮೆ ನಾನು ಹಾಗೆ ದಾಟಿಸಿದ್ದೆ. ಆ ಸೀಳಿನಿಂದಲೇ ಓರೆಯಾಗಿ ಬಿರುಕು ಹೊರಟು, ಮಳೆಗಾಲದಲ್ಲಿ ನೀರು ಒಸರಿತು. ಆಮೇಲಿಂದ ಪ್ರತಿ ಮೂಲೆಗೂ ಮೊದಲು ನಾಲ್ಕು ಇಂಚಿನ ಕೋರ್ ತೆಗೆಯುತ್ತೇನೆ, ಬ್ಲೇಡ್ ಆ ದುಂಡು ತೂತಿನಲ್ಲಿ ನಿಲ್ಲುತ್ತದೆ.

ಕಿಟಕಿಗೆ ತೆಗೆಯುವ ಕಾಂಕ್ರೀಟಿನ ತೂಕ ಆರುನೂರು ಕಿಲೋ ದಾಟುತ್ತದೆ. ಒಂದೇ ಹಾಳೆಯಾಗಿ ಬಿದ್ದರೆ ಕಾಲಷ್ಟೇ ಅಲ್ಲ, ಜೀವವೂ ಹೋಗಬಹುದು. ಕೆಳಗಿನ ಗೆರೆ ಮೊದಲು ಕೊರೆದು ಕಬ್ಬಿಣದ ಬೆಣೆ ಹೊಡೆದೆವು. ಉಳಿದದ್ದನ್ನು ಒಂಬತ್ತು ತುಂಡು ಮಾಡಿ, ಮೇಲಿನ ಸಾಲಿನಿಂದ ಒಂದೊಂದೇ ಚೈನ್ ಪುಲ್ಲಿಗೆ ಕಟ್ಟಿ ಇಳಿಸಿದೆವು. ಬ್ಲೇಡಿಗೆ ನೀರು ಬಿಡುತ್ತಲೇ ಕೊರೆದೆವು, ಮಾಸ್ಕ್ ಯಾರೂ ತೆಗೆಯಲಿಲ್ಲ. ಆ ಧೂಳು ಎದೆಯಲ್ಲಿ ಕೂತರೆ ಹೋಗುವುದಿಲ್ಲ.

ಕತ್ತರಿಸಿದ ಸರಳಿನ ತುದಿಯ ಮೇಲೆ ನೇರ ಪ್ಲಾಸ್ಟರ್ ಹೊಡೆಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ತುಕ್ಕು ಹಿಡಿದು ಉಬ್ಬಿ, ಪ್ಲಾಸ್ಟರ್ ಉದುರುತ್ತದೆ. ನಾವು ತುದಿಯನ್ನು ಒಂದು ಇಂಚು ಒಳಗೆ ಕತ್ತರಿಸಿ, ಝಿಂಕ್ ಪ್ರೈಮರ್ ಬಳಿದು, ಪಾಲಿಮರ್ ಗಾರೆ ತುಂಬಿದೆವು. ಮೇಲೆ ಕೆಳಗೆ ಅಡ್ಡ ಚಾನೆಲ್ ಕೂರಿಸಿ, ಸಂದಿಗೆ ಗ್ರೌಟ್ (ತೆಳು ಸಿಮೆಂಟ್ ಗಾರೆ) ಹಾಕಿ, ಅದು ಗಟ್ಟಿಯಾದ ಮೇಲೇ ಜಾಕ್ ತೆಗೆದೆವು. ಹೊರಗಿನ ಗುಂಡಿಗೆ ಸಣ್ಣ ಕಾಂಕ್ರೀಟ್ ಗೋಡೆ, ತಳದಲ್ಲಿ ಖಡಿ, ಅಲ್ಲಿಂದ ಇಳಿಜಾರಿಗೆ ನಾಲ್ಕು ಇಂಚಿನ ಪೈಪು. ಮೇ ಮುಗಿಯುವಷ್ಟರಲ್ಲಿ ಕೆಲಸ ಮುಗಿಯಿತು.

ಜೂನ್‌ನಲ್ಲಿ ಜೋರು ಮಳೆ ಬಂದ ಮರುದಿನ ನೋಡಲು ಹೋದೆ. ಗೋಡೆ ಒಣಗಿತ್ತು. “ತಮ್ಮಾ, ಹಗಲು ಲೈಟ್ ಹಚ್ಚೂದು ತಪ್ಪಿತು ನೋಡು” ಅಂದರು ಅಜ್ಜಿ. ಪೈಪಿನ ಬಾಯಿಗೆ ಬೇವಿನ ಎಲೆ ಸೇರಿತ್ತು. ತೆಗೆದು, ಅದಕ್ಕೊಂದು ಜಾಳಿಗೆ ಹಾಕಿ ಬಂದೆ.