ಎರಡನೇ ತಂತಿಯಲ್ಲಿ ಸಿಕ್ಕಿದ ‘ಕ್ರೀಪ್’

ಗಿಟಾರ್ ಹಿಡಿದ ಹೊಸಬರು ಇಂಗ್ಲೆಂಡಿನ ರಾಕ್ ತಂಡ ರೇಡಿಯೋಹೆಡ್‌ನ ‘ಕ್ರೀಪ್’ ಹಾಡನ್ನು ಬೇಗ ಆರಿಸಿಕೊಳ್ಳುತ್ತಾರೆ. ಜಿ, ಬಿ, ಸಿ, ಸಿ ಮೈನರ್ ಎಂಬ ನಾಲ್ಕೇ ಕಾರ್ಡ್‌ಗಳು (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳು) ಹಾಡಿನುದ್ದಕ್ಕೂ ಸುತ್ತುತ್ತವೆ. ಬದಿಯಡ್ಕದ ನಮ್ಮ ಮನೆಯ ಚಾವಡಿಯಲ್ಲಿ ನಾನು ಗಿಟಾರ್ ಕಲಿಸುತ್ತೇನೆ. ಈ ಹಾಡನ್ನು ಕೇಳಿಕೊಂಡು ಬರುವವರಿಗೆ ನಾಲ್ಕು ಕಾರ್ಡ್‌ಗಳನ್ನು ನಾನು ಮೊದಲ ದಿನ ತೋರಿಸುವುದೇ ಇಲ್ಲ. ತೆಳುವಾದ ತಂತಿಯಿಂದ ಎಣಿಸಿದರೆ ಎರಡನೆಯದಾದ ತಂತಿಯೊಂದನ್ನೇ ಮೀಟಿಸುತ್ತೇನೆ.

ನಾಲ್ಕನ್ನೂ ಬಾರ್ ಕಾರ್ಡ್‌ಗಳಾಗಿ, ಅಂದರೆ ತೋರುಬೆರಳನ್ನು ತಂತಿಗಳ ಮೇಲೆ ಅಡ್ಡಲಾಗಿ ಒತ್ತಿ ಹಿಡಿದರೆ, ಆ ಬೆರಳು ಗಿಟಾರಿನ ಕತ್ತಿನ ಎರಡನೇ ಮತ್ತು ಮೂರನೇ ಫ್ರೆಟ್‌ಗಳ (ಮನೆಗಳ) ನಡುವೆಯೇ ಓಡಾಡುತ್ತದೆ. ಆಗ ಎರಡನೇ ತಂತಿಯ ಮೇಲೆ ಕಣ್ಣಿಡಿ. ಜಿಗೆ ಮೂರನೇ ಫ್ರೆಟ್, ಬಿಗೆ ನಾಲ್ಕು, ಸಿಗೆ ಐದು, ಸಿ ಮೈನರ್‌ಗೆ ಮತ್ತೆ ನಾಲ್ಕು. ಸುತ್ತು ಮುಗಿದು ಜಿಗೆ ಬಂದರೆ ಪುನಃ ಮೂರು. ಜಿ ಸ್ವರವನ್ನು ಷಡ್ಜವೆಂದು ಇಟ್ಟುಕೊಂಡರೆ ಇದು ಪಂಚಮ, ಶುದ್ಧ ಧೈವತ, ಚತುಶ್ರುತಿ ಧೈವತ, ಮರಳಿ ಶುದ್ಧ ಧೈವತ, ಪಂಚಮ.

ನನ್ನಲ್ಲಿಗೆ ಬರುವ ಮಕ್ಕಳಲ್ಲಿ ಹೆಚ್ಚಿನವರು ಕರ್ನಾಟಕ ಸಂಗೀತದ ಸರಳೆ, ಜಂಟಿ ವರಸೆ ಹಾಡಿ ಬಂದವರು. ಎಪ್ಪತ್ತೆರಡು ಮೇಳಕರ್ತಗಳಲ್ಲಿ (ಮೂಲ ರಾಗಗಳಲ್ಲಿ) ಯಾವ ಮೇಳಕ್ಕೂ ಒಂದೇ ಧೈವತ ಎಂಬುದು ಅವರಿಗೆ ಬಾಯಿಪಾಠ. ಹಾಗಾಗಿ ಎರಡು ಧೈವತಗಳು ಬೆನ್ನುಬೆನ್ನಿಗೆ ಬಂದಾಗ ಕಿವಿ ತಾನಾಗಿ ಚುರುಕಾಗುತ್ತದೆ. ಏರುವಾಗ ಏನೋ ಆಸೆ ಹುಟ್ಟುತ್ತದೆ, ಐದರಿಂದ ನಾಲ್ಕಕ್ಕೆ ಇಳಿಯುವಾಗ ಅದು ಕಮರುತ್ತದೆ. ತಾನು ಇಲ್ಲಿಗೆ ಸೇರಿದವನಲ್ಲ ಎಂದು ಹಾಡಿನವನು ಪಡುವ ಸಂಕಟವೆಲ್ಲ ಆ ಒಂದು ಮನೆಯ ಇಳಿತದಲ್ಲಿದೆ ಎಂದೇ ನನ್ನ ನಂಬಿಕೆ. ಇಲ್ಲಿ ಒಂದು ಎಚ್ಚರಿಕೆ ಬೇಕು. ಅಭ್ಯಾಸಬಲದಿಂದ ಧೈವತಕ್ಕೆ ಗಮಕ (ಸ್ವರದ ಓಲಾಟ) ಕೊಡಲು ಬೆರಳು ತವಕಿಸುತ್ತದೆ. ಕೊಡಬಾರದು. ಸ್ವರ ನೆಟ್ಟಗೆ ನಿಲ್ಲಬೇಕು. ಓಲಾಡಿದರೆ ಇಳಿತದ ಪೆಟ್ಟು ಮೊಂಡಾಗುತ್ತದೆ.

ಹಾಡು ಸಿಂಗಲ್ ಆಗಿ, ಅಂದರೆ ಬಿಡಿಯಾಗಿ ಬಂದದ್ದು 1992ರ ಸೆಪ್ಟೆಂಬರ್‌ನಲ್ಲಿ, ತಂಡದ ಚೊಚ್ಚಲ ಆಲ್ಬಮ್ ‘ಪ್ಯಾಬ್ಲೋ ಹನಿ’ ಬಂದದ್ದು 1993ರ ಫೆಬ್ರುವರಿಯಲ್ಲಿ. ಮೊದಲ ಸಲ ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 78ನೇ ಸ್ಥಾನ ದಾಟಲಿಲ್ಲ. ಇಸ್ರೇಲಿನ ರೇಡಿಯೋ ಬಿಡದೆ ನುಡಿಸಿತು, ಅಮೆರಿಕದಲ್ಲಿ ಹಬ್ಬಿತು, 1993ರಲ್ಲಿ ಮತ್ತೆ ಬಿಡುಗಡೆಯಾದಾಗ ಬ್ರಿಟನ್ನಿನಲ್ಲೂ ಏಳನೇ ಸ್ಥಾನಕ್ಕೇರಿತು. ಈ ಕಾರ್ಡ್‌ಗಳ ನಡೆ ಮತ್ತು ಧಾಟಿಯ ಒಂದಂಶ ‘ದಿ ಏರ್ ದಟ್ ಐ ಬ್ರೀದ್’ ಎಂಬ ಹಳೆಯ ಹಾಡಿನಲ್ಲಿತ್ತು. ಆದ್ದರಿಂದ ಅದನ್ನು ಬರೆದ ಆಲ್ಬರ್ಟ್ ಹ್ಯಾಮಂಡ್ ಮತ್ತು ಮೈಕ್ ಹೇಝಲ್‌ವುಡ್ ಅವರ ಹೆಸರುಗಳೂ ‘ಕ್ರೀಪ್’ನ ರಚನಕಾರರ ಪಟ್ಟಿಗೆ ಸೇರಿದವು.

ಆದರೆ ಆ ಹಳೆಯ ಹಾಡಿನಲ್ಲಿ ಇಲ್ಲದ್ದೊಂದು ಇದರಲ್ಲಿದೆ: ಪಲ್ಲವಿಗೆ ಮುನ್ನ ಗಿಟಾರ್ ಕೆರಳುವ ಸದ್ದು. ಹಾಡು ತೀರಾ ಮೆತ್ತಗಿದೆ ಎಂದು ತಂಡದ ಗಿಟಾರ್ ವಾದಕ ಜಾನಿ ಗ್ರೀನ್‌ವುಡ್‌ಗೆ ಹಿಡಿಸಿರಲಿಲ್ಲ, ಅದಕ್ಕೇ ತಂತಿಗಳನ್ನು ಜೋರಾಗಿ ಬಡಿದ ಎಂದು ತಂಡದ ಇನ್ನೊಬ್ಬ ಗಿಟಾರ್ ವಾದಕ ಎಡ್ ಒ’ಬ್ರಯನ್ ಹೇಳಿದ್ದಾರೆ. ಸಿ ಮೈನರ್ ಇನ್ನೂ ನಡೆಯುತ್ತಿರುವಾಗ ಎಡಗೈಯ ಬೆರಳುಗಳನ್ನು ಒತ್ತದೆ ತಂತಿಗಳ ಮೇಲೆ ಅಡ್ಡಲಾಗಿ ಹಾಸಬೇಕು, ಸದ್ದನ್ನು ಒರಟಾಗಿಸುವ ಡಿಸ್ಟಾರ್ಶನ್ ಪೆಡಲ್ ತುಳಿದು ಬಲಗೈಯಿಂದ ಹೊಡೆಯಬೇಕು. ಸ್ವರ ಬರಬಾರದು, ಹೊಡೆತ ಮಾತ್ರ ಕೇಳಬೇಕು. ನಮ್ಮ ಕಡೆಯ ಹುಡುಗರಿಗೆ ನಾನು ಹೇಳುವುದಿಷ್ಟೇ: ಯಕ್ಷಗಾನದ ರಂಗಸ್ಥಳಕ್ಕೆ ಬಣ್ಣದ ವೇಷ ಬರುವ ಮುಂಚೆ ಚೆಂಡೆಯ ಪೆಟ್ಟು ಬೀಳುತ್ತದಲ್ಲ, ಹಾಗೆ. ಅವರಿಗೆ ಕೂಡಲೇ ಅರ್ಥವಾಗುತ್ತದೆ. ಬಲ ಮೊಣಕೈಯಿಂದ ಬರಬಾರದು, ಮಣಿಕಟ್ಟಿನಿಂದ ಬರಬೇಕು. ಮೊಣಕೈ ಬೀಸಿದರೆ ಮುಂದಿನ ಜಿಗೆ ಕೈ ತಡವಾಗಿ ತಲುಪುತ್ತದೆ, ಪಲ್ಲವಿಯ ಮೊದಲ ಹೊಡೆತವೇ ಜಾರುತ್ತದೆ.

ಮಳೆಗಾಲದಲ್ಲಿ ಇದನ್ನು ಕಲಿಸುವುದು ಬೇರೆಯೇ ಕೆಲಸ. ಜೂನ್ ಹಿಡಿದರೆ ನಮ್ಮಲ್ಲಿ ಮರದ ವಸ್ತುವೆಲ್ಲ ತೇವ ಕುಡಿಯುತ್ತದೆ. ಗಿಟಾರಿನ ಒಡಲು ಉಬ್ಬಿ ತಂತಿ ಫ್ರೆಟ್‌ಗಳಿಂದ ಮೇಲೇಳುತ್ತದೆ, ಎರಡನೇ ಫ್ರೆಟ್‌ನಲ್ಲಿ ಬಿ ಕಾರ್ಡ್ ಒತ್ತುವಾಗ ಎಳೆಯ ಬೆರಳುಗಳು ಕೆಂಪಾಗುತ್ತವೆ. ಹಾಡುವವರ ತೊಂದರೆ ಇನ್ನೊಂದು: ನಡುವಿನ ಭಾಗದಲ್ಲಿ ಧ್ವನಿ ತಾರಸ್ಥಾಯಿಗೆ ಏರಿ ನಿಲ್ಲಬೇಕು, ಎಲ್ಲರ ಕಂಠಕ್ಕೂ ಅದು ಎಟುಕುವುದಿಲ್ಲ. ಎರಡಕ್ಕೂ ನಾನು ಮಾಡುವುದು ಒಂದೇ. ಆರೂ ತಂತಿಗಳನ್ನು ಎರಡೆರಡು ಮನೆ ಇಳಿಸಿ ಶ್ರುತಿ ಮಾಡುತ್ತೇನೆ. ತಂತಿಯ ಬಿಗಿ ಸಡಿಲವಾಗಿ ಬಾರ್ ಕಾರ್ಡ್ ಬೆರಳಿಗೆ ಒಗ್ಗುತ್ತದೆ, ಹಾಡು ಎಫ್‌ಗೆ ಇಳಿದು ಕಂಠಕ್ಕೂ ಹಿತವಾಗುತ್ತದೆ. ಎರಡನೇ ತಂತಿಯಲ್ಲಿ ಬೆರಳು ನಡೆಯುವ ದಾರಿ ಮಾತ್ರ ಬದಲಾಗುವುದಿಲ್ಲ. ಅದೇ ಮೂರು, ನಾಲ್ಕು, ಐದು, ನಾಲ್ಕು.