ಬೇಸಿಗೆಯ ನೆಂಟರಿಗೆ ಹಣ್ಣು–ಪನೀರ್ ಕಡ್ಡಿ: ನೀರೊಡೆಯದಂತೆ ಮಾಡುವ ಬಗೆ

ಯುಗಾದಿ ಕಳೆದು ಕಾರಹುಣ್ಣಿಮೆ ಬರುವವರೆಗೆ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಮನೆಮನೆಯಲ್ಲೂ ಒಂದಲ್ಲ ಒಂದು ಕಾರ್ಯ. ನಾಮಕರಣ, ಗೃಹಪ್ರವೇಶ, ಹೆಣ್ಣು ನೋಡುವ ಶಾಸ್ತ್ರ ಎಲ್ಲವೂ ಇದೇ ಬಿಸಿಲಿನಲ್ಲಿ. ಹನ್ನೊಂದು ಗಂಟೆಗೆ ಬೆವರೊರೆಸಿಕೊಂಡು ಒಳಗೆ ಬಂದವರ ಮುಂದೆ ಬಿಸಿ ಬೋಂಡ ಇಟ್ಟರೆ ಪಾಪ, ಮರ್ಯಾದೆಗೆ ಒಂದು ತಿಂದು ತಟ್ಟೆ ಸರಿಸುತ್ತಾರೆ. ಪಾನಕ, ನೀರುಮಜ್ಜಿಗೆ, ಹೆಸರುಬೇಳೆ ಕೋಸಂಬರಿ ಇದ್ದೇ ಇರುತ್ತವೆ, ಅವುಗಳನ್ನು ಬಿಡಬೇಡಿ. ಅವುಗಳ ಪಕ್ಕಕ್ಕೆ ಹಣ್ಣಿನ ತುಂಡು, ಒಂದು ಪುದೀನ ಎಲೆ, ಪನೀರ್ ತುಂಡು ಚುಚ್ಚಿದ ಕಡ್ಡಿ ಇಡಿ. ಪನೀರ್ ಹಿಂದಿನ ದಿನವೇ ತಯಾರಿದ್ದರೆ ಇಪ್ಪತ್ತು ಜನಕ್ಕೆ ಅರ್ಧ ಗಂಟೆಯ ಕೆಲಸ, ಒಲೆ ಹಚ್ಚಬೇಕಾಗಿಲ್ಲ.

ಇದರಲ್ಲಿ ಕೆಡುವುದು ಒಂದೇ ಕಾರಣಕ್ಕೆ: ನೀರು. ಹಣ್ಣು ನೀರು ಬಿಡುತ್ತದೆ, ಪನೀರ್ ನೀರು ಬಿಡುತ್ತದೆ, ಹತ್ತೇ ನಿಮಿಷದಲ್ಲಿ ತಟ್ಟೆಯಲ್ಲಿ ಕೆಂಪು ನೀರು ನಿಂತು ಪನೀರ್‌ಗೆ ಕಲೆ ಹತ್ತುತ್ತದೆ. ಆ ನೀರನ್ನು ಎಲ್ಲೆಲ್ಲಿ ತಡೆಯಬೇಕು ಎಂದು ತಿಳಿದರೆ ಮಿಕ್ಕಿದ್ದು ಸುಲಭ.

ಮೊದಲು ಪನೀರ್. ತಲೆಗೆ ಮೂರು ಕಡ್ಡಿ ಅಂದರೆ ಇಪ್ಪತ್ತು ಜನಕ್ಕೆ 60 ಕಡ್ಡಿ, ಅದಕ್ಕೆ ಸುಮಾರು 600 ಗ್ರಾಂ ಪನೀರ್ ಬೇಕು. ಗಟ್ಟಿ ಹಾಲು ಮೂರೂವರೆ ಲೀಟರ್ ತೆಗೆದುಕೊಳ್ಳಿ. ಪ್ಯಾಕೆಟ್ ಹಾಲಾದರೆ ಮೇಲೆ ಕೊಬ್ಬು ಶೇಕಡಾ 4.5 ಅಥವಾ 6 ಎಂದು ಬರೆದದ್ದೇ ಆಗಲಿ. 3 ಶೇಕಡಾ ಹಾಲಿನಲ್ಲಿ ಪನೀರ್ ಕಡಿಮೆ ಬರುತ್ತದೆ, ಬಂದದ್ದೂ ರಬ್ಬರಿನ ಹಾಗೆ. ತಿಂಗಳುಗಟ್ಟಲೆ ಕೆಡದ ಡಬ್ಬದ ಹಾಲು ಇದಕ್ಕೆ ಆಗುವುದಿಲ್ಲ; ಅದನ್ನು ವಿಪರೀತ ಕಾಯಿಸಿರುವುದರಿಂದ ಒಡೆದರೂ ಪುಡಿಪುಡಿಯಾಗಿ ಗಟ್ಟಿಯಾಗಿ ಕೂಡುವುದಿಲ್ಲ. ಮನೆಯಲ್ಲಿ ಕರೆಯುವ ಸೀಮೆಹಸುವಿನ ಹಾಲು ಸಾಮಾನ್ಯವಾಗಿ ತೆಳ್ಳಗಿರುತ್ತದೆ, ಅದಾದರೆ ನಾಲ್ಕು ಲೀಟರ್ ಹಾಕಿ.

ತಳ ದಪ್ಪಗಿರುವ ಪಾತ್ರೆಗೆ ಮೊದಲು ಎರಡು ಚಮಚ ನೀರು ಹಾಕಿ ಆಡಿಸಿ, ಆಮೇಲೆ ಹಾಲು ಸುರಿದರೆ ತಳ ಹಿಡಿಯುವುದು ಕಡಿಮೆ. ಒಂದು ಕುದಿ ಬರಲಿ, ಒಲೆ ಆರಿಸಿ. ಇಲ್ಲಿ ಅವಸರ ಬೇಡ. ಗುಳ್ಳೆ ಅಡಗಿ ಬರೀ ಹಬೆ ಏಳುವವರೆಗೆ ನಾಲ್ಕೈದು ನಿಮಿಷ ಕಾಯಿರಿ, ಆಗ ಹಾಲು 80–85 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಕೊತಕೊತ ಕುದಿಯುವ ಹಾಲಿಗೆ ಹುಳಿ ಹಿಂಡಿದರೆ ಗರಣೆ, ಅಂದರೆ ಒಡೆದ ಹಾಲಿನ ಗಟ್ಟಿ, ಬಿಗಿಯಾಗಿ ಪನೀರ್ ಕಲ್ಲಾಗುತ್ತದೆ, ತೀರಾ ಆರಿದ ಹಾಲಿಗೆ ಹಿಂಡಿದರೆ ಮೆತ್ತಗಾಗಿ ಕಡ್ಡಿಯಲ್ಲಿ ನಿಲ್ಲುವುದಿಲ್ಲ. ನಾಲ್ಕು ನಿಂಬೆಹಣ್ಣಿನ ರಸ ಹಿಂಡಿ, ಅಷ್ಟೇ ನೀರು ಬೆರೆಸಿಟ್ಟುಕೊಳ್ಳಿ. ಒಂದೊಂದೇ ದೊಡ್ಡ ಚಮಚದಂತೆ ಸುತ್ತಲೂ ಬಿಡುತ್ತಾ ಸೌಟನ್ನು ನಿಧಾನವಾಗಿ ಆಡಿಸಿ, ಕಲಕಬೇಡಿ. ತಿಳಿನೀರು ಹಸಿರು ಮಿಶ್ರಿತ ಹಳದಿ ಬಣ್ಣಕ್ಕೆ ತಿರುಗಿದ ತಕ್ಷಣ ನಿಲ್ಲಿಸಿ, ರಸ ಉಳಿದರೆ ಉಳಿಯಲಿ. ಹೆಚ್ಚಾದ ಹುಳಿ ರುಚಿಯನ್ನೂ ಕೆಡಿಸುತ್ತದೆ, ಪನೀರನ್ನೂ ತರಿತರಿ ಮಾಡುತ್ತದೆ. ತಿಳಿ ಇನ್ನೂ ಬೆಳ್ಳಗಿದ್ದರೆ ಮಾತ್ರ ಇನ್ನೊಂದು ಚಮಚ.

ಐದು ನಿಮಿಷ ಮುಚ್ಚಿಟ್ಟು, ಒದ್ದೆ ಮಾಡಿ ಹಿಂಡಿದ ತೆಳು ಬಿಳಿ ಬಟ್ಟೆಗೆ ಸುರಿಯಿರಿ. ತಿಳಿನೀರನ್ನು ಪಾತ್ರೆಯಲ್ಲಿ ಹಿಡಿದಿಡಿ, ಚೆಲ್ಲಬೇಡಿ. ಗರಣೆಯ ಮೇಲೆ ಒಂದು ಚೊಂಬು ತಣ್ಣೀರು ಹೊಯ್ದರೆ ನಿಂಬೆಯ ಹುಳಿ ಹೋಗುತ್ತದೆ. ಬಟ್ಟೆಯನ್ನು ಹಿಂಡಿ ನೀರು ತೆಗೆದು, ಒಂದು ಗೇಣು ಅಗಲಕ್ಕಿಂತ ಸ್ವಲ್ಪ ಕಡಿಮೆ, ಮುಕ್ಕಾಲು ಅಂಗುಲ ದಪ್ಪದ ಚೌಕವಾಗಿ ಮಡಚಿ. ತಿರುಗಿಸಿಟ್ಟ ತಟ್ಟೆಯ ಮೇಲಿರಿಸಿ, ಮೂರು ಲೀಟರ್ ನೀರು ತುಂಬಿದ ಪಾತ್ರೆಯನ್ನು ಅದರ ಮೇಲೆ ಹೇರಿ. ಮೂವತ್ತರಿಂದ ನಲವತ್ತು ನಿಮಿಷ ಸಾಕು. ರಾತ್ರಿಯೆಲ್ಲ ಹೇರಿಟ್ಟರೆ ಒಣಗಿ, ಕಡ್ಡಿ ಚುಚ್ಚಿದಾಗ ಫಟ್ಟನೆ ಎರಡು ಹೋಳಾಗುತ್ತದೆ. ಬಟ್ಟೆ ಬಿಡಿಸಿ, ಗಡ್ಡೆಯನ್ನು ಇಡಿಯಾಗಿಯೇ ಐಸ್ ಹಾಕಿದ ಕುಡಿಯುವ ನೀರಿನಲ್ಲಿ ಒಂದು ಗಂಟೆ ಮುಳುಗಿಸಿ, ಒರೆಸಿ, ಫ್ರಿಜ್ಜಿನಲ್ಲಿಡಿ. ಬಿಸಿ ಇರುವಾಗ ಕತ್ತರಿಸಿದರೆ ಅಂಚು ಉದುರುತ್ತದೆ. ತಣ್ಣಗಾದ ಮೇಲೆ ಚಾಕು ಇಳಿಸಿದರೆ ಸೋಪಿನ ಬಿಲ್ಲೆಯ ಹಾಗೆ ನುಣ್ಣಗೆ ಕತ್ತರಿಸುತ್ತದೆ.

ಬರೀ ಪನೀರ್ ಸಪ್ಪೆ, ಸಿಹಿ ಹಣ್ಣಿನ ಜೊತೆ ಅದು ಸೋಲುತ್ತದೆ. ಉಪ್ಪನ್ನು ಮೇಲೆ ಉದುರಿಸುವುದಲ್ಲ, ಒಳಗೇ ಹೋಗಬೇಕು. ಆರಿದ ತಿಳಿನೀರು ಅರ್ಧ ಲೀಟರಿಗೆ ಒಂದು ದೊಡ್ಡ ಚಮಚ ಉಪ್ಪು ಕರಗಿಸಿ, ಮುಕ್ಕಾಲು ಅಂಗುಲದ ತುಂಡುಗಳನ್ನು ಅರ್ಧ ಗಂಟೆ ನೆನೆಹಾಕಿ. ಬರೀ ಉಪ್ಪುನೀರಿಗಿಂತ ತಿಳಿನೀರು ಒಳ್ಳೆಯದು, ಪನೀರಿನ ಮೈ ಲೋಳೆಯಾಗುವುದಿಲ್ಲ. ಆಮೇಲೆ ಒಣ ಬಟ್ಟೆಯ ಮೇಲೆ ಹರಡಿ ನಾಲ್ಕೂ ಮಗ್ಗುಲು ಒತ್ತಿ ಒರೆಸಿ. ಇದು ನೀರನ್ನು ತಡೆಯುವ ಮೊದಲ ಜಾಗ. ಅಂಗಡಿಯ ಪನೀರ್ ತರುವುದಾದರೆ 200 ಗ್ರಾಮಿನ ಮೂರು ಪ್ಯಾಕೆಟ್. ದಿನಾಂಕ ನೋಡಿ ತಾಜಾದ್ದೇ ತನ್ನಿ, ಫ್ರೀಜರಿನಲ್ಲಿ ಹೆಪ್ಪುಗಟ್ಟಿದ್ದು ಬೇಡ. ಅದು ಕರಗಿದ ಮೇಲೆ ಸ್ಪಂಜಿನ ಹಾಗೆ ನೀರು ಸುರಿಸುತ್ತದೆ. ಚೀಸ್ ಕ್ಯೂಬ್ ಕೇಳುವ ಮಕ್ಕಳಿರುತ್ತಾರೆ. ಅದು ಉಪ್ಪಾಗಿರುವುದರಿಂದ ದ್ರಾಕ್ಷಿಗೆ ಹೊಂದುತ್ತದೆ, ಆದರೆ ಸೆಕೆಗೆ ಎಣ್ಣೆಯೊಡೆದು ಮೆತ್ತಗಾಗುತ್ತದೆ. ನಮ್ಮ ಬಿಸಿಲಿಗೆ ಪನೀರೇ ಸರಿ. ಇನ್ನು ಕೆಲವರು ಗಿಣ್ಣು ಹಾಕಬಹುದೇ ಎಂದು ಕೇಳುತ್ತಾರೆ. ಕರು ಹಾಕಿದ ಹಸುವಿನ ಗಿಣ್ಣುಹಾಲು ಬೆಲ್ಲ, ಏಲಕ್ಕಿಯೊಂದಿಗೆ ಹಬೆಯಲ್ಲಿ ಬೆಂದರೇ ಅದರ ಅಂದ. ಇಲ್ಲಿ ಅದರ ಕೆಲಸವಿಲ್ಲ.

ಹಣ್ಣಿನ ವಿಷಯದಲ್ಲಿ ಈ ಸೀಮೆಯವರು ಭಾಗ್ಯವಂತರು. ಶ್ರೀನಿವಾಸಪುರದ ಮಾವು ಇರುವಾಗ ಬೇರೆ ಊರಿನ ಹಣ್ಣು ಹುಡುಕಬೇಕಾಗಿಲ್ಲ, ಆದರೆ ಯಾವ ಮಾವು ಎಂಬುದರಲ್ಲಿ ಎಲ್ಲ ಇದೆ. ರಸಪುರಿ ಸೀಕರಣೆಗೆ ರಾಜ, ಕಡ್ಡಿಗೆ ಬೇಡ; ಚುಚ್ಚಿದರೆ ರಸವಾಗಿ ಇಳಿಯುತ್ತದೆ. ಬಾದಾಮಿಗೆ ನಾರಿಲ್ಲ, ತಿರುಳು ಬಿಗಿ. ತೊಟ್ಟಿನ ಹತ್ತಿರ ಒತ್ತಿದರೆ ಸ್ವಲ್ಪವೇ ತಗ್ಗುವ, ಪೂರ್ತಿ ಮೆತ್ತಗಾಗದ ಹಣ್ಣು ಆರಿಸಿ. ಒಂದು ಹಣ್ಣಿನ ಎರಡು ಕೆನ್ನೆಯಲ್ಲಿ ಎಂಟು ಹತ್ತು ಚೌಕ ತುಂಡು ಬರುತ್ತದೆ, ಓಟೆಯ ಸುತ್ತಲಿನದು ಮನೆಯ ಮಕ್ಕಳಿಗೆ. ಇವೆರಡಕ್ಕಿಂತಲೂ ಪನೀರ್‌ಗೆ ಒಪ್ಪುವುದು ಅರೆಹಣ್ಣಾದ ತೋತಾಪುರಿ, ಅದೇ ನಮ್ಮ ಗಿಣಿಮೂತಿ. ಜ್ಯೂಸ್ ಕಾರ್ಖಾನೆಗೆ ಲಾರಿಗಟ್ಟಲೆ ಹೋಗುವ ಈ ಕಾಯಿಯನ್ನು ಮನೆಗೆ ತರಲು ಜನ ಹಿಂಜರಿಯುತ್ತಾರೆ. ಒಳಗೆ ತಿಳಿಹಳದಿ ತಿರುಗಿ, ಹುಳಿ ಸಿಹಿ ಸಮಸಮವಾಗಿ, ಕಚ್ಚಿದರೆ ಕಟುಂ ಎನ್ನುವ ಹದದಲ್ಲಿ ಅದಕ್ಕೆ ಸಾಟಿಯಿಲ್ಲ. ನೀರು ಬಿಡುವುದೇ ಇಲ್ಲ ಎನ್ನಬಹುದು. ಬಸ್ ನಿಲ್ದಾಣದಲ್ಲಿ ಉಪ್ಪು ಖಾರ ಹಚ್ಚಿ ಮಾರುವ ಹೋಳಿನ ರುಚಿ ಎಲ್ಲರ ನಾಲಗೆಯಲ್ಲೂ ಇದೆ. ಅದಕ್ಕೆ ಹಾಲಿನ ನುಣುಪು ಸೇರಿದರೆ ಹೇಗಿರಬೇಡ. ಯಾವ ಮಾವಾದರೂ ತೊಟ್ಟು ಕತ್ತರಿಸಿ ಅರ್ಧ ಗಂಟೆ ನೀರಿನಲ್ಲಿ ಹಾಕಿ, ಸೊನೆ ಉಳಿದರೆ ತುಟಿ ಉರಿಯುತ್ತದೆ. ಕಾರ್ಬೈಡ್ ಇಟ್ಟು ಮಾಗಿಸುವುದನ್ನು 2011ರ ಆಹಾರ ಸುರಕ್ಷತಾ ನಿಯಮಗಳೇ ನಿಷೇಧಿಸಿವೆ. ಕಾರ್ಯಕ್ಕೆ ನಾಲ್ಕೈದು ದಿನ ಮುಂಚೆ ಬಲಿತ ಕಾಯಿ ತಂದು ಹುಲ್ಲಿನಲ್ಲಿಟ್ಟುಕೊಳ್ಳುವುದೇ ನೆಮ್ಮದಿ.

ಕಲ್ಲಂಗಡಿ ಆರಿಸುವಾಗ ನೆಲಕ್ಕೆ ತಾಗಿದ ಮಚ್ಚೆ ನೋಡಿ, ಬೆಣ್ಣೆ ಬಣ್ಣಕ್ಕಿಂತ ಹಳದಿಯಾಗಿದ್ದರೆ ಬಲಿತಿದೆ, ಬೆಳ್ಳಗಿದ್ದರೆ ಎಳೆಯದು. ಗಾತ್ರಕ್ಕೆ ಮೀರಿದ ಭಾರ ಇರಬೇಕು. ಮೂರು ಕೆಜಿಯ ಒಂದು ಹಣ್ಣಿನಲ್ಲಿ ಮೂವತ್ತು ಕಡ್ಡಿಗೆ ಧಾರಾಳವಾಗಿ ತುಂಡು ಸಿಗುತ್ತದೆ, ಯಾಕೆಂದರೆ ನಮಗೆ ಬೇಕಾದದ್ದು ನಡುವಿನ ಬಿಗಿ ತಿರುಳು ಮಾತ್ರ. ಬೀಜದ ಸಾಲಿನ ಹತ್ತಿರದ ತಿರುಳು ಸಡಿಲ, ಅಲ್ಲೇ ನೀರೊಡೆಯುವುದು. ಅದನ್ನು ಪಾನಕಕ್ಕೆ ಹಿಂಡಿ. ಕತ್ತರಿಸಿದ ತುಂಡನ್ನು ಜರಡಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿ ಇಪ್ಪತ್ತು ನಿಮಿಷ ಇಟ್ಟರೆ ಸೋರುವ ನೀರು ಕೆಳಗಿನ ಬಟ್ಟಲಿಗೆ ಸೋರಿ ಹೋಗುತ್ತದೆ. ಕಲ್ಲಂಗಡಿ, ಕರ್ಬೂಜ ಎರಡನ್ನೂ ಕೊಯ್ಯುವ ಮೊದಲು ಹೊರಗಿನಿಂದ ತೊಳೆಯಬೇಕು. ಕರ್ಬೂಜದ ಬಲೆಬಲೆ ಸಿಪ್ಪೆಯಲ್ಲಿ ಮಣ್ಣು ಕೂತಿರುತ್ತದೆ, ಬ್ರಷ್ ಹಾಕಿ ಉಜ್ಜಿ. ಇಲ್ಲದಿದ್ದರೆ ಚಾಕುವೇ ಆ ಕೊಳೆಯನ್ನು ಒಳಗಿನ ತಿರುಳಿಗೆ ಎಳೆದುಕೊಂಡು ಹೋಗುತ್ತದೆ.

ದ್ರಾಕ್ಷಿಯಲ್ಲಿ ಕಡ್ಡಿಗೆ ಬೀಜವಿಲ್ಲದ ಹಸಿರು ದ್ರಾಕ್ಷಿ. ಚಿಕ್ಕಬಳ್ಳಾಪುರದ ತೋಟಗಳ ಬೆಂಗಳೂರು ಬ್ಲೂ ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ಪರಿಮಳ ಬಹಳ, ಆದರೆ ಬೀಜ ಇದೆ, ಚುಚ್ಚಿದರೆ ತಿರುಳು ಸಿಪ್ಪೆಯಿಂದ ಜಾರುತ್ತದೆ. ಅದನ್ನು ಪಾಕ ಮಾಡಿ. ಕಾಲು ಕೆಜಿ ದ್ರಾಕ್ಷಿ ಕಿವುಚಿ ಐದು ನಿಮಿಷ ಬೇಯಿಸಿ, ಸೋಸಿ, ಎರಡು ದೊಡ್ಡ ಚಮಚ ಸಕ್ಕರೆ ಹಾಕಿ ಚಮಚದ ಬೆನ್ನಿಗೆ ಅಂಟುವಷ್ಟು ಕುದಿಸಿದರೆ ಕಡುನೇರಳೆ ಬಣ್ಣದ ಹುಳಿಸಿಹಿ ಪಾಕ. ಆರಿದ ಮೇಲೆ ಇನ್ನೂ ಗಟ್ಟಿಯಾಗುವುದರಿಂದ ಸ್ವಲ್ಪ ತೆಳ್ಳಗಿರುವಾಗಲೇ ಇಳಿಸಿ. ಕರ್ಬೂಜದ ಕಡ್ಡಿಯ ಮೇಲೆ ಎರಡು ತೊಟ್ಟು ಬಿಟ್ಟರೆ ಸಾಕು.

ಅನಾನಸ್, ಪರಂಗಿ, ಕಿವಿ ಹಣ್ಣು ಹಸಿಯಾಗಿ ಪನೀರ್ ಜೊತೆ ಸೇರಿಸಬೇಡಿ. ಅವುಗಳಲ್ಲಿರುವ ಕಿಣ್ವ ಹಾಲಿನ ಸಾರವನ್ನು ಒಡೆಯುತ್ತದೆ, ಸ್ವಲ್ಪ ಹೊತ್ತಿನಲ್ಲೇ ಪನೀರ್ ಕಹಿಯಾಗಿ ಲೋಳೆಯಾಗುತ್ತದೆ. ಅನಾನಸ್ ಬೇಕೇ ಬೇಕೆಂದರೆ ತುಂಡುಗಳನ್ನು ಬಾಣಲೆಯಲ್ಲಿ ನಾಲ್ಕೈದು ನಿಮಿಷ ಬಾಡಿಸಿ, ಪೂರ್ತಿ ಬಿಸಿಯಾದರೆ ಆ ಗುಣ ಹೋಗುತ್ತದೆ. ಬಾಳೆಹಣ್ಣು, ಸೇಬು ಕಪ್ಪಾಗುತ್ತವೆ, ಬಿಟ್ಟುಬಿಡಿ.

ಮಸಾಲೆಗೆ ಹುರಿದು ಪುಡಿ ಮಾಡಿದ ಜೀರಿಗೆ ಎರಡು ಚಮಚ, ಕಪ್ಪುಪ್ಪು ಅರ್ಧ ಚಮಚ, ಆಗತಾನೇ ಕುಟ್ಟಿದ ಕಾಳುಮೆಣಸು ಒಂದು ಚಮಚ, ಬ್ಯಾಡಗಿ ಮೆಣಸಿನಪುಡಿ ಕಾಲು ಚಮಚ. ಬೆರೆಸಿ ಒಂದು ಬಟ್ಟಲಲ್ಲಿಡಿ, ಕಡ್ಡಿಯ ಮೇಲೆ ಉದುರಿಸಬೇಡಿ. ಉಪ್ಪು ಬಿದ್ದ ಕ್ಷಣದಿಂದ ಹಣ್ಣು ತನ್ನ ನೀರನ್ನು ಹೊರಗೆ ಬಿಡತೊಡಗುತ್ತದೆ. ಮಾಡುವವರೆಲ್ಲ ಎಡವುವುದು ಇಲ್ಲೇ. ತಟ್ಟೆ ಹೊರಡುವ ಹೊತ್ತಿಗೆ ಒಂದು ಚಿಟಿಕೆ ಉದುರಿಸಿ, ಇಲ್ಲವೇ ಬಟ್ಟಲನ್ನೇ ಪಕ್ಕದಲ್ಲಿಡಿ. ನಿಂಬೆರಸಕ್ಕೂ ಇದೇ ಮಾತು. ಪುದೀನ ಎಲೆಯನ್ನು ಹೆಚ್ಚಿದರೆ ಕಪ್ಪಾಗುತ್ತದೆ. ಇಡೀ ಎಲೆಯನ್ನು ಹತ್ತು ನಿಮಿಷ ತಣ್ಣೀರಿನಲ್ಲಿಟ್ಟು, ತೇವ ಒರೆಸಿ ಬಳಸಿ.

ಜೋಡಿಸುವಾಗ ಕೆಳಗೆ ಹಣ್ಣು, ನಡುವೆ ಎಲೆ, ಮೇಲೆ ಪನೀರ್. ಹಣ್ಣು ಮೇಲಿದ್ದರೆ ರಸ ಇಳಿದು ಪನೀರ್ ಕೆಂಪಾಗುತ್ತದೆ. ಕೆಳಗಿದ್ದರೆ ಎಲೆ ತಡೆಯಾಗಿ ನಿಲ್ಲುತ್ತದೆ, ಅಗಲ ತುಂಡು ಕಡ್ಡಿಯನ್ನು ನೆಟ್ಟಗೆ ನಿಲ್ಲಿಸುತ್ತದೆ. ಟೂತ್‌ಪಿಕ್ ಅನ್ನು ಒತ್ತಬೇಡಿ, ತಿರುಪುತ್ತಾ ಇಳಿಸಿ. ಒಳ್ಳೆಯ ಪನೀರ್ ಕಡ್ಡಿಯನ್ನು ಸದ್ದಿಲ್ಲದೆ ಒಳಗೆ ಬಿಟ್ಟುಕೊಂಡು ಅಂಚಿನಲ್ಲಿ ಬಿರುಕೂ ತೋರಿಸುವುದಿಲ್ಲ. ಬಿರಿದರೆ ಹತ್ತು ನಿಮಿಷ ಉಗುರುಬೆಚ್ಚನೆಯ ತಿಳಿನೀರಿನಲ್ಲಿ ನೆನೆಸಿ ಒರೆಸಿ. ಪುಡಿಯಾದರೆ ಇನ್ನೊಂದು ಗಂಟೆ ಫ್ರಿಜ್ಜಿನಲ್ಲಿರಲಿ.

ಹಣ್ಣು, ಪನೀರ್ ಬೇರೆ ಬೇರೆ ಡಬ್ಬದಲ್ಲಿ ತಣ್ಣಗಿರಲಿ, ಬಡಿಸುವ ಅರ್ಧ ಗಂಟೆ ಮುಂಚೆ ಚುಚ್ಚಿ. ಕರೆಂಟು ಹೋಗುವ ಭಯವಿದ್ದರೆ ದೊಡ್ಡ ಬೇಸಿನ್ನಿಗೆ ಐಸ್ ಮತ್ತು ಒಂದು ಹಿಡಿ ಕಲ್ಲುಪ್ಪು ಹಾಕಿ, ಅದರೊಳಗೆ ಮುಚ್ಚಳ ಬಿಗಿಯಾದ ಸ್ಟೀಲ್ ಡಬ್ಬ ಇಳಿಸಿ. ಹೊರಗಿನಿಂದ ತಂದ ಐಸ್ ಮಾತ್ರ ಹಣ್ಣಿಗೆ ತಾಗಬಾರದು, ಅದು ಯಾವ ನೀರಿನದೋ. ಬಿಸಿಲು 32 ಡಿಗ್ರಿ ದಾಟಿದ ದಿನ ಹೊರಗಿಟ್ಟ ಕಡ್ಡಿಗೆ ಒಂದೇ ಗಂಟೆ ಆಯಸ್ಸು. ಆದ್ದರಿಂದ 60ನ್ನೂ ಒಟ್ಟಿಗೆ ತರಬೇಡಿ, ಇಪ್ಪತ್ತಿಪ್ಪತ್ತರಂತೆ ಮೂರು ಸಲ ತನ್ನಿ. ಕಾಗದದ ತಟ್ಟೆ ನೆನೆದು ಕುಸಿಯುತ್ತದೆ. ಮುತ್ತುಗದ ಎಲೆಯದು ಅಥವಾ ಬಾಳೆಲೆ ಹಾಸಿದ ಸ್ಟೀಲ್ ತಟ್ಟೆ ಚೆನ್ನ. ಐದು ವರ್ಷದೊಳಗಿನ ಮಕ್ಕಳ ಕೈಗೆ ಕಡ್ಡಿ ಕೊಡಬೇಡಿ, ಬಟ್ಟಲಿಗೆ ಬಿಡಿಸಿ ಕೊಡಿ, ದ್ರಾಕ್ಷಿಯನ್ನು ಉದ್ದುದ್ದ ನಾಲ್ಕು ಸೀಳಿ. ಸಕ್ಕರೆ ಕಾಯಿಲೆ ಇರುವ ಹಿರಿಯರಿಗೆ ಎಳೆ ಸೌತೆಕಾಯಿಯ ಬಿಲ್ಲೆ, ಪನೀರ್, ಕಾಳುಮೆಣಸು. ಅವರಿಗೂ ಬೇರೆ ಮಾಡಿದ್ದಾರೆ ಎನಿಸಬಾರದು, ಅದೇ ತಟ್ಟೆಯಲ್ಲಿ ಒಂದು ಸಾಲು ಇರಲಿ.

ಉಳಿದ ತಿಳಿನೀರು ಎರಡು ಲೀಟರಿಗೂ ಮಿಕ್ಕಿ ಇರುತ್ತದೆ. ಉಪ್ಪು ಹಾಕದ್ದನ್ನು ಚಪಾತಿ ಹಿಟ್ಟಿಗೆ ನೀರಿನ ಬದಲು ಬಳಸಿ, ಚಪಾತಿ ಮೆತ್ತಗೆ ಬರುತ್ತದೆ. ಉಪ್ಪು ಹಾಕಿದ್ದನ್ನು ಅವತ್ತಿನ ಸಂಜೆಯ ಸಾರಿಗೆ ಬಿಡಿ, ಹುಣಸೆಹುಳಿ ಕಾಲುಭಾಗ ಕಡಿಮೆ ಮಾಡಿ, ಉಪ್ಪು ಹಾಕುವ ಮುಂಚೆ ಒಮ್ಮೆ ರುಚಿ ನೋಡಿ.